ಸಮ್ಮರ್ ಪುಡಿಂಗ್‌ನಲ್ಲಿ ಲೆಕ್ಕ ತಪ್ಪಿದ್ದು

ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂಡಿ ಕಳೆದು ನಿವೃತ್ತನಾದವನು ನಾನು. ಉತ್ತರದ ಅರ್ಥದ ಜತೆಗೆ ಪದಗಳ ಆಟವನ್ನೂ ಸುಳಿವಿನಲ್ಲೇ ಅಡಗಿಸಿಡುವ ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧದ ಚಟ ಹತ್ತಿದ್ದು ಆಮೇಲೆ. ಅದರಲ್ಲಿ ನನ್ನನ್ನು ಹೆಚ್ಚು ಗೋಳುಹೊಯ್ದುಕೊಂಡದ್ದು ಬ್ರಿಟಿಷರ ಪುಡಿಂಗ್‌ಗಳು. ಅವರಿಗೆ ಊಟದ ಕೊನೆಗೆ ಬರುವ ಸಿಹಿಯೆಲ್ಲ ಪುಡಿಂಗೇ. ತಿಂದು ಗೊತ್ತಿಲ್ಲದ್ದನ್ನು ಊಹಿಸುವುದಾದರೂ ಹೇಗೆ?

ಒಂದು ದಿನ ಎಡದಿಂದ ಬಲಕ್ಕೆ ಇದ್ದ ಸುಳಿವು: 'ಅಕೌಂಟೆಂಟ್ಸ್ ಸ್ವೀಟ್?' 6 ಮತ್ತು 7 ಅಕ್ಷರ. ಎರಡನೆಯ ಪದ ಪುಡಿಂಗ್ ಎಂದು ಕೂಡಲೇ ಹೊಳೆಯಿತು. ಮೊದಲ ಪದದ 1, 3, 5ನೆಯ ಮನೆಗಳಲ್ಲಿ ಎಸ್, ಎಮ್, ಇ ಆಗಲೇ ಕುಳಿತಿದ್ದವು. 'ಸಿಮ್ಮರ್' ಎಂದು ಪೆನ್ನಿನಲ್ಲೇ ಬರೆದೆ. ಹಾಲು ಸಿಮ್‌ನಲ್ಲಿಡಿ ಎಂಬ ಮಾತನ್ನು ದಿನಕ್ಕೆರಡು ಬಾರಿ ಕೇಳುವ ಮನೆ ನಮ್ಮದು, ಬೇರೇನು ಹೊಳೆದೀತು! ಅಕೌಂಟೆಂಟ್ ಅಲ್ಲೇಕೆ ಬಂದ ಎಂದು ಕೇಳಿಕೊಳ್ಳಲೂ ಇಲ್ಲ.

ಮರುದಿನದ ಉತ್ತರ 'ಸಮ್ಮರ್ ಪುಡಿಂಗ್'. ಬೇಸಿಗೆಯ ಸಮ್ಮರ್ ಅಲ್ಲ, 'ಸಮ್' ಮಾಡುವವನು ಸಮ್ಮರ್! ಕೊನೆಯ ಪ್ರಶ್ನಾರ್ಥಕ ಚಿಹ್ನೆ ಕುಚೋದ್ಯದ ಗುರುತು, ನಾನು ಅದನ್ನು ಗಮನಿಸಿರಲಿಲ್ಲ. "ಕೂಡಿಸುವುದೇ ನಿಮ್ಮ ಕೆಲಸವಾಗಿತ್ತಲ್ಲ?" ಎಂದು ಹೆಂಡತಿ ನಕ್ಕಳು. ಬಟ್ಟಲಿನ ಒಳಗೋಡೆಗೆ ಹಳೆಯ ಬ್ರೆಡ್ ಜೋಡಿಸಿ, ರಾಸ್ಪ್‌ಬೆರಿ, ರೆಡ್‌ಕರಂಟ್ ಹಣ್ಣು ತುಂಬಿ, ರಾತ್ರಿಯಿಡೀ ರಸ ಹೀರಲು ಬಿಟ್ಟು ಮಗುಚುವ ತಿಂಡಿಯಂತೆ ಅದು.

ಬ್ರಿಟಿಷ್ ಮಾದರಿಯ ಚೌಕಗಳಲ್ಲಿ ಒಂದು ಉತ್ತರದ ಸುಮಾರು ಅರ್ಧದಷ್ಟು ಅಕ್ಷರಗಳಿಗೆ ಮಾತ್ರ ಅಡ್ಡ ಹಾಯುವ ಪದದ ಸಾಕ್ಷಿ ಇರುತ್ತದೆ. ಸಿಮ್ಮರ್, ಸಮ್ಮರ್ ಬೇರೆಯಾಗುವುದು ಎರಡನೆಯ ಅಕ್ಷರದಲ್ಲಿ ಮಾತ್ರ. ಆ ಮನೆಗೆ ಸಾಕ್ಷಿಯೇ ಇರಲಿಲ್ಲ. ಹೀಗಾಗಿ ನನ್ನ ತಪ್ಪು ಎಲ್ಲಿಯೂ ಮುಗ್ಗರಿಸದೆ ಕೊನೆಯವರೆಗೂ ಸಲೀಸಾಗಿ ಸಾಗಿತು. ಈಗ ಅಕ್ಷರ ಹೊಂದಿತೆಂದು ಬರೆಯುವುದಿಲ್ಲ, ಸುಳಿವಿನ ಪ್ರತಿ ಪದಕ್ಕೂ ರಸೀದಿ ಕೇಳುತ್ತೇನೆ.

ಅರ್ಥ ಹೇಳುವ ಪದ ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಮೊದಲು ಆ ಎರಡು ತುದಿಗಳನ್ನು ನೋಡುತ್ತೇನೆ. ಒಂದು ತುದಿಯಲ್ಲಿ ಪುಡಿಂಗ್ ಇದ್ದು ನಾಲ್ಕು ಅಕ್ಷರ ಬೇಕಿದ್ದರೆ 'ಸಾಗೋ' ಅಥವಾ 'ಫೂಲ್'. ಸಾಗೋ ಎಂದರೆ ನಮ್ಮ ಸಬ್ಬಕ್ಕಿಯಂಥದೇ. ಸೆಕೆಂಡಿನ ಎಸ್ ಪಕ್ಕ 'ಹಿಂದೆ' ಎಂಬರ್ಥದ 'ಅಗೋ' ಇಟ್ಟರೆ ಸಿದ್ಧ. ಫೂಲ್ ಎಂದರೆ ಕೆನೆ ಬೆರೆಸಿದ ಹಣ್ಣಿನ ತಿರುಳು. ಪೆದ್ದನೂ ಹೌದು, ಆದ್ದರಿಂದ ಸುಳಿವು ಕೊಡುವವರಿಗೆ ಹಬ್ಬ. ಮೇಲಿನಿಂದ ಕೆಳಕ್ಕೆ ಇಳಿಯುವ 'ಡೆಸರ್ಟ್ಸ್' ಅನ್ನು ಕೆಳಗಿನಿಂದ ಓದಿದರೆ 'ಸ್ಟ್ರೆಸ್ಡ್' ಆಗುತ್ತದೆ. ಇಂಥವನ್ನೆಲ್ಲ ಹಳೆಯ ಲೆಡ್ಜರ್ ಒಂದರಲ್ಲಿ ಬರೆದಿಟ್ಟಿದ್ದೇನೆ.

ಬುದ್ಧಿ ಬಂತೆಂದುಕೊಂಡರೆ ಇನ್ನೊಂದು ಬಲೆ. ಮತ್ತೊಂದು ಸುಳಿವಿನಲ್ಲಿ 'ಸಮ್' ಕಂಡದ್ದೇ ತಡ, ಲೆಕ್ಕ ಮಾಡುವವರನ್ನೆಲ್ಲ ಹುಡುಕತೊಡಗಿದೆ: ಆಡರ್, ಅಬಾಕಸ್, ಕ್ಲರ್ಕ್. ಕಾಫಿ ಆರಿಹೋಯಿತು. ಪಕ್ಕದಲ್ಲಿ 'ಇಟ್', 'ಏರ್' ಎಂಬ ಪುಟ್ಟ ಪದಗಳಿದ್ದವು, ಜತೆಗೆ ಕಲಸಿಹೋಗಿದೆ ಎನ್ನುವ ಮಾತು, ಅಂದರೆ ಆ ಪದಗಳ ಅಕ್ಷರಗಳನ್ನೇ ಅದಲುಬದಲು ಮಾಡಿ ಉತ್ತರ ಕಟ್ಟಬೇಕು. ಸಮ್ ಅಲ್ಲಿಗೆ ಬಂದದ್ದು ಅರ್ಥಕ್ಕಲ್ಲ, ಬರಿ ಮೂರು ಅಕ್ಷರ ಒದಗಿಸಲು. ಎಂಟು ಅಕ್ಷರಗಳನ್ನೂ ಪತ್ರಿಕೆಯ ಅಂಚಿನಲ್ಲಿ ವೃತ್ತಾಕಾರವಾಗಿ ಬರೆದು ಒಂದೊಂದನ್ನೇ ಹೊಡೆಯುತ್ತ ಹೋದೆ. ಕೊನೆಯ ಮನೆಯಲ್ಲಿ ಯು ಕೂತಾಗ ಇಟಲಿಯ ಸಿಹಿ ತಿರಮಿಸು ಎದ್ದು ಬಂತು.

ನನಗೆ ತೀರಾ ಇಷ್ಟವಾದದ್ದು ಮೂರೇ ಅಕ್ಷರದ್ದು: ಎರಡು ಸ್ಥಿರಾಂಕ ಸೇರಿಸಿದರೆ ಸಿಹಿ. 3.14ರ ಪೈ, 2.718ರ ಇ. ಪಕ್ಕಪಕ್ಕದಲ್ಲಿಟ್ಟರೆ ಆಪಲ್ ಪೈ ಎನ್ನುತ್ತೇವಲ್ಲ, ಆ ಪೈ. ಅದನ್ನು ಮಾತ್ರ ಕಾಫಿ ಬಿಸಿಯಿರುವಾಗಲೇ ಬಿಡಿಸಿದೆ.