ಹಲ್ಲಿನೊಳಗೆ ಇನ್ನೊಂದು ಹಲ್ಲು: ಸಿಬಿಸಿಟಿಯಲ್ಲಿ ಹುಡುಕುವುದು ಹೇಗೆ

ಹನ್ನೆರಡು ವರ್ಷದ ಹುಡುಗಿ. ಮುಂದಿನ ಹಲ್ಲಿನ ಮೇಲೆ, ಒಸಡಿನಲ್ಲಿ ಕೀವುಗುಳ್ಳೆ. ಹುಳುಕಿಲ್ಲ, ಬಿದ್ದು ಪೆಟ್ಟು ಮಾಡಿಕೊಂಡಿಲ್ಲ. "ಚಾಕಲೇಟ್ ತಿಂದೂ ತಿಂದೂ ಹೀಗಾಯ್ತು ಡಾಕ್ಟ್ರೇ" ಅಂತ ಅಮ್ಮ ಬೈಯುತ್ತಲೇ ಒಳಗೆ ಬಂದರು. ಪಾಪ, ಚಾಕಲೇಟಿನದೇನೂ ತಪ್ಪಿರಲಿಲ್ಲ. ಮೇಲಿನ ಲ್ಯಾಟರಲ್ ಹಲ್ಲು, ಅಂದರೆ ನಟ್ಟನಡುವಿನ ಹಲ್ಲಿನ ಪಕ್ಕದ್ದು, ಆಚೆ ಬದಿಯದಕ್ಕಿಂತ ಚೂರು ದಪ್ಪ, ಗೂಟದ ಹಾಗೆ. ಕನ್ನಡಿ ಇಟ್ಟು ಅಂಗುಳದ ಕಡೆಯಿಂದ ನೋಡಿದರೆ ಸೂಜಿಮೊನೆ ಇಳಿಯುವಷ್ಟು ಒಂದು ಸಣ್ಣ ಗುಂಡಿ.

ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗ ಅದರ ಎನಾಮಲ್ ಒಳಕ್ಕೆ ಮಡಚಿಕೊಂಡರೆ ಹೀಗಾಗುತ್ತದೆ. ಚೀಲದ ಮೂಲೆಯನ್ನು ಬೆರಳಿಂದ ಒಳಗೆ ತಳ್ಳಿದ ಹಾಗೆ. ಡೆನ್ಸ್ ಇನ್ವ್ಯಾಜಿನೇಟಸ್ ಅಂತ ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿರುತ್ತೇವೆ. ಇದು ಜಾಸ್ತಿ ಕಾಣಿಸುವುದು ಮೇಲಿನ ಲ್ಯಾಟರಲ್‌ನಲ್ಲೇ. ಹೊಸದಾಗಿ ಕ್ಲಿನಿಕ್ ತೆರೆದ ಗೆಳೆಯರಿಗಾಗಿ, ಇದನ್ನೂ ಹಲ್ಲಿನ ಬೆಳವಣಿಗೆಯ ಇಂಥ ಬೇರೆ ಏರುಪೇರುಗಳನ್ನೂ ಸಿಬಿಸಿಟಿಯಲ್ಲಿ (ಹಲ್ಲು, ದವಡೆಯನ್ನು ಹೋಳು ಹೋಳಾಗಿ ತೋರಿಸುವ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ನಾನು ಹೇಗೆ ಹುಡುಕುತ್ತೇನೆ ಅಂತ ಹೇಳುತ್ತೇನೆ.

ಮೊದಲು ಸ್ಕ್ಯಾನ್ ಬೇಕಾ ನೋಡಿ. ಎಡ ಬಲ ಹೋಲಿಸಿ. ಒಂದು ಮುಂದಿನ ಹಲ್ಲು ಬಂದು ಆರು ತಿಂಗಳು ದಾಟಿದರೂ ಅದರ ಜೋಡಿ ಬಂದಿಲ್ಲ ಅಂದರೆ ಏನೋ ಅಡ್ಡ ಇದೆ. ಹತ್ತು ವರ್ಷದ ಹೊತ್ತಿಗೆ ಮೇಲಿನ ಕೋರೆಹಲ್ಲಿನ ಉಬ್ಬು ತುಟಿಯೊಳಗೆ ಬೆರಳಿಗೆ ಸಿಗಬೇಕು, ಸಿಗದಿದ್ದರೆ ಅನುಮಾನ ಪಡಿ. ಎರಡು ಹಲ್ಲು ಅಂಟಿಕೊಂಡ ಹಾಗಿದ್ದರೆ ಎಣಿಸಿ. ಜೋಡಿಯನ್ನು ಒಂದೇ ಅಂತ ಲೆಕ್ಕ ಹಾಕಿದಾಗ ಒಂದು ಹಲ್ಲು ಕಡಿಮೆ ಬಂದರೆ ಸಾಮಾನ್ಯವಾಗಿ ಎರಡು ಮೊಳಕೆ ಕೂಡಿಕೊಂಡಿವೆ, ಲೆಕ್ಕ ಸರಿ ಇದ್ದರೆ ಒಂದೇ ಮೊಳಕೆ ಸೀಳಲು ಹೋಗಿ ಅರ್ಧಕ್ಕೆ ನಿಂತಿದೆ (ಹೆಚ್ಚುವರಿ ಹಲ್ಲೊಂದು ಬಂದು ಕೂಡಿಕೊಂಡಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಅದು ಬೇರೆ ಮಾತು). ಎಣಿಸೋದಕ್ಕೆ ದುಡ್ಡಿಲ್ಲ, ರೇಡಿಯೇಶನ್ನೂ ಇಲ್ಲ, ಅಲ್ವಾ?

ಆಮೇಲೆ ಒಂದು ಆರ್‌ವಿಜಿ, ಅಂದರೆ ಕೆಲವೇ ಹಲ್ಲಿನ ಸಣ್ಣ ಡಿಜಿಟಲ್ ಎಕ್ಸ್‌ರೇ. ಹೂತ ಹಲ್ಲು ತುಟಿ ಕಡೆಗಿದೆಯೋ ಅಂಗುಳದ ಕಡೆಗಿದೆಯೋ ಅಂತ ಅಷ್ಟೇ ಗೊತ್ತಾಗಬೇಕಿದ್ದರೆ, ಎಕ್ಸ್‌ರೇ ಟ್ಯೂಬನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಟ್ಯೂಬ್ ಹೋದ ಕಡೆಗೇ ಹಲ್ಲಿನ ನೆರಳೂ ಹೋದರೆ ಅದು ಅಂಗುಳದ ಕಡೆ ಇದೆ. ನೂರು ವರ್ಷ ದಾಟಿದ ಉಪಾಯ ಇದು, ಇವತ್ತಿಗೂ ಬಹಳಷ್ಟು ಸಲ ಇಷ್ಟೇ ಸಾಕು. ದವಡೆಹಲ್ಲಿನ ಪಲ್ಪ್ (ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆ ಭಾಗ) ಕೋಣೆ ಉದ್ದವಾಗಿ ಬೇರು ತಡವಾಗಿ ಕವಲೊಡೆಯುವ ಟಾರೋಡಾಂಟಿಸಂ ಆರ್‌ವಿಜಿಯಲ್ಲೇ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಸುಮ್ನೆ ಸ್ಕ್ಯಾನ್ ಬರೆಯಬೇಡಿ.

ಸ್ಕ್ಯಾನ್ ಬೇಕೇ ಬೇಕು ಅಂತಾದರೆ, ಚೀಟಿ ಬರೆಯುವುದು ಅರ್ಧ ಕೆಲಸ. ನಾನು ಶುರುವಿನಲ್ಲಿ ಒಮ್ಮೆ "ಸಿಬಿಸಿಟಿ" ಅಂತಷ್ಟೇ ಬರೆದು ಒಬ್ಬ ಹುಡುಗನನ್ನು ಕಳಿಸಿದ್ದೆ. ಸೆಂಟರ್‌ನವರು ಎರಡೂ ದವಡೆ ಸೇರಿಸಿ, 0.3 ಮಿಲಿಮೀಟರ್ ವೋಕ್ಸೆಲ್‌ನಲ್ಲಿ (ಚಿತ್ರದ ಒಂದೊಂದು ಚುಕ್ಕೆಯ ಅಳತೆ, ಸಣ್ಣದಾದಷ್ಟೂ ಚಿತ್ರ ಸ್ಪಷ್ಟ) ತೆಗೆದು, ಬಣ್ಣ ಬಣ್ಣದ ತಲೆಬುರುಡೆಯ ಚಿತ್ರ ಕೊಟ್ಟರು. ನನಗೆ ಬೇಕಾಗಿದ್ದ ಒಂದೇ ಒಂದು ಬೇರಿನ ಒಳಗಡೆ ಮಂಜು ಮಂಜು. ಮತ್ತೆ ಕಳಿಸಬೇಕಾಯ್ತು. ಮಗುವಿಗೆ ಎರಡು ಸಲ ರೇಡಿಯೇಶನ್, ಅಪ್ಪನಿಗೆ ಎರಡು ಸಲ ಬಿಲ್ಲು. ಈಗ ಮೂರು ವಿಷಯ ತಪ್ಪದೆ ಬರೆಯುತ್ತೇನೆ. ಯಾವ ಹಲ್ಲು, ಏನು ಪ್ರಶ್ನೆ, ಎಷ್ಟು ಜಾಗ. ಉದಾಹರಣೆಗೆ, "12ನೇ ಹಲ್ಲು, ಒಳಮಡಿಕೆ ಬೇರಿನ ತುದಿಗೆ ಮುಟ್ಟಿದೆಯೇ, ಪಲ್ಪ್‌ಗೆ ಸೇರಿದೆಯೇ, 5×5 ಸೆಂಟಿಮೀಟರ್, ವೋಕ್ಸೆಲ್ 0.1 ಅಥವಾ ಕಡಿಮೆ" (12 ಅಂದರೆ ಮೇಲಿನ ಬಲಗಡೆಯ ಲ್ಯಾಟರಲ್). ಹೆಚ್ಚುವರಿ ಹಲ್ಲು ಎಲ್ಲಿ ಮಲಗಿದೆ ಅಂತ ತಿಳಿಯಲು ಇಷ್ಟು ಸಣ್ಣ ವೋಕ್ಸೆಲ್ ಬೇಡ, 0.2 ಸಾಕು. ವೋಕ್ಸೆಲ್ ಸಣ್ಣದಾದಷ್ಟೂ ಬಹುಪಾಲು ಯಂತ್ರಗಳಲ್ಲಿ ಡೋಸ್ ಏರುತ್ತದೆ. ಪ್ರಿಂಟ್ ಜೊತೆ ಡೈಕಾಮ್ ಫೈಲನ್ನೂ (ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲು) ಕೇಳಿ ಪಡೆಯಿರಿ. ಅದಿಲ್ಲದೆ ಮುಂದೆ ಹೇಳುವುದು ಯಾವುದೂ ಆಗುವುದಿಲ್ಲ.

ಡೋಸ್ ಬಗ್ಗೆ ಮನೆಯವರು ಕೇಳಿಯೇ ಕೇಳುತ್ತಾರೆ. ಹಾರಿಕೆ ಉತ್ತರ ಕೊಡಬೇಡಿ. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಪ್ರಪಂಚದ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್, ಅಂದರೆ 2400 ಮೈಕ್ರೋಸೀವರ್ಟ್ ರೇಡಿಯೇಶನ್ ಬೀಳುತ್ತದೆ. ಒಂದು ಒಪಿಜಿ (ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ಎಕ್ಸ್‌ರೇ) ಸಾಮಾನ್ಯವಾಗಿ ಹತ್ತಿಪ್ಪತ್ತು ಮೈಕ್ರೋಸೀವರ್ಟ್ ಆಸುಪಾಸು. ಸಣ್ಣ ಜಾಗದ ಸಿಬಿಸಿಟಿ ಬಹುಪಾಲು ಹತ್ತುಗಳ ಲೆಕ್ಕದಲ್ಲಿ, ಇಡೀ ಮುಖದ್ದು ನೂರುಗಳ ಲೆಕ್ಕದಲ್ಲಿ, ಯಂತ್ರದಿಂದ ಯಂತ್ರಕ್ಕೆ ತುಂಬ ವ್ಯತ್ಯಾಸ. ಮಕ್ಕಳ ಮೈ ದೊಡ್ಡವರಿಗಿಂತ ಸೂಕ್ಷ್ಮ, ಅದಕ್ಕೇ ಜಾಗ ಕಿರಿದು ಮಾಡಿ ಅಂತ ಇಷ್ಟು ಹೇಳುತ್ತಿರುವುದು.

ಮಗು ಅಲುಗಾಡಿದರೆ ಎಲ್ಲವೂ ಹಾಳು. ಯಂತ್ರ ಸುತ್ತುವುದು ಹತ್ತರಿಂದ ಇಪ್ಪತ್ತು ಸೆಕೆಂಡ್, ಆದರೆ ಮಕ್ಕಳಿಗೆ ಅದೊಂದು ಯುಗ. ಕ್ಲಿನಿಕ್‌ನಲ್ಲೇ ಒಂದು ಸಲ ಆಟದ ಹಾಗೆ ಅಭ್ಯಾಸ ಮಾಡಿಸಿ ಕಳಿಸಿ: ಗಲ್ಲ ಇಡು, ಕಣ್ಣು ಮುಚ್ಚು, ಮನಸ್ಸಿನಲ್ಲೇ ಇಪ್ಪತ್ತು ಎಣಿಸು, ಉಗುಳು ನುಂಗಬೇಡ. ಓಲೆ, ಕ್ಲಿಪ್ಪು ಮನೆಯಲ್ಲೇ ತೆಗೆದಿಟ್ಟು ಬರಲಿ.

ಇನ್ನು ಓದುವುದು. ಸೆಂಟರ್ ಕೊಡುವ ವ್ಯೂವರ್ ಆಗುತ್ತದೆ, ಇಲ್ಲದಿದ್ದರೆ ಬಿಟ್ಟಿ ಸಿಗುವ ಥ್ರೀಡಿ ಸ್ಲೈಸರ್ ಸಾಫ್ಟ್‌ವೇರ್. ತೆರೆದ ಕೂಡಲೇ ಆ ಚೆಂದದ ಮೂರು ಆಯಾಮದ ಚಿತ್ರವನ್ನು ತಿರುಗಿಸುತ್ತಾ ಕೂರುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ತೆಳ್ಳಗಿನ ಮೂಳೆ ಅದರಲ್ಲಿ ಮಾಯವಾಗಿ ಇಲ್ಲದ ತೂತು ಕಾಣಿಸುತ್ತದೆ, ಹಲ್ಲಿನ ಒಳಗಡೆಯಂತೂ ಕಾಣುವುದೇ ಇಲ್ಲ. ಅಪ್ಪ ಅಮ್ಮನಿಗೆ ತೋರಿಸಲು ಅದು ಚೆನ್ನ, ನಮಗೆ ಹೋಳುಗಳೇ ಬೇಕು. ಮೊದಲು ಅಕ್ಷದ ಗೆರೆಗಳನ್ನು ಎಳೆದು ಹಲ್ಲಿನ ಉದ್ದಕ್ಕೆ ಸರಿಯಾಗಿ ಕೂರಿಸಿ. ಇದನ್ನು ಬಿಟ್ಟರೆ ಓರೆ ಹೋಳು ಬಂದು, ನೆಟ್ಟಗಿರುವ ಬೇರೂ ಸೊಟ್ಟಗೆ ಕಾಣುತ್ತದೆ. ಆಮೇಲೆ ಏಕ್ಸಿಯಲ್ (ಅಡ್ಡ) ಹೋಳಿನಲ್ಲಿ ಹಲ್ಲಿನ ಅಂಚಿನಿಂದ ಬೇರಿನ ತುದಿವರೆಗೆ, ಮೌಸಿನ ಚಕ್ರವನ್ನು ಒಂದೊಂದೇ ಹೆಜ್ಜೆ ತಿರುಗಿಸುತ್ತಾ ಇಳಿಯಿರಿ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಒಂದೊಂದನ್ನೇ ನೋಡಿದ ಹಾಗೆ.

ಆ ಹುಡುಗಿಯ ಹಲ್ಲಿನಲ್ಲಿ ಕಂಡದ್ದು ಇದು. ಮೇಲಿನ ಹೋಳುಗಳಲ್ಲಿ ಹಲ್ಲಿನ ನಡುವೆ ಒಂದು ಬಿಳಿ ಉಂಗುರ, ಅದರೊಳಗೆ ಕಪ್ಪು ಚುಕ್ಕೆ. ಬಿಳಿ ಅಂದರೆ ಒಳಗೆ ಮಡಚಿದ ಎನಾಮಲ್. ಕೆಳಗಿಳಿದ ಹಾಗೆ ಉಂಗುರ ಒಂದು ಪಕ್ಕಕ್ಕೆ ಸರಿಯಿತು, ಪಲ್ಪ್ ಅದರ ಸುತ್ತ ಬಿದಿಗೆ ಚಂದ್ರನ ಹಾಗೆ ತೆಳ್ಳಗೆ ಒತ್ತರಿಸಿ ನಿಂತಿತ್ತು. ಬೇರಿನ ತುದಿ ಇನ್ನೇನು ಬಂತು ಅನ್ನುವಾಗ ಉಂಗುರ ತೆರೆದುಕೊಂಡು ಹೊರಗಿನ ಕಪ್ಪು ಗುಂಡಿಗೆ, ಅಂದರೆ ಮೂಳೆ ಕರಗಿದ ಜಾಗಕ್ಕೆ ಸೇರಿತು. ಆದರೆ ಚಂದ್ರನಿಗೂ ಉಂಗುರಕ್ಕೂ ಎಲ್ಲೂ ಸಂಬಂಧ ಇಲ್ಲ. ಓಲರ್ಸ್ 1957ರಲ್ಲಿ ಮಾಡಿದ ವಿಂಗಡಣೆಯಲ್ಲಿ ಇದು ಮೂರನೇ ಬಗೆ. ಒಂದನೆಯದು ಹಲ್ಲಿನ ತಲೆಯಲ್ಲೇ ನಿಲ್ಲುತ್ತದೆ, ಎರಡನೆಯದು ಬೇರಿಗಿಳಿದು ಚೀಲದ ಹಾಗೆ ಮುಚ್ಚಿಕೊಳ್ಳುತ್ತದೆ, ಮೂರನೆಯದು ಹೊರಗೆ ತೆರೆದುಕೊಳ್ಳುತ್ತದೆ. ಪಲ್ಪ್‌ಗೆ ಜೀವ ಇದೆಯಾ ಅಂತ ಸ್ಕ್ಯಾನ್ ಹೇಳುವುದಿಲ್ಲ, ಅದಕ್ಕೆ ಹಲ್ಲಿಗೆ ತಣ್ಣಗಿನದ್ದನ್ನು ತಾಗಿಸಿ ನೋಡುವ ಪರೀಕ್ಷೆಯೇ ಬೇಕು. ಅವಳು ಒಡನೆ ಕೈ ಎತ್ತಿದಳು. ಪಲ್ಪ್ ಬದುಕಿತ್ತು.

ಬೇರೆ ಬಗೆಗಳನ್ನೂ ಇದೇ ಚಕ್ರದಲ್ಲಿ ಹುಡುಕಬಹುದು. ಎರಡು ಮುಂದಿನ ಹಲ್ಲುಗಳ ನಡುವೆ ಹುಟ್ಟುವ ಹೆಚ್ಚುವರಿ ಹಲ್ಲು ಮೀಸಿಯೋಡೆನ್ಸ್‌ನಲ್ಲಿ ತಲೆ ಯಾವ ಕಡೆ ಅಂತ ಮೊದಲು ನೋಡಿ, ತಲೆಕೆಳಗಾಗಿ ಮೂಗಿನ ಕಡೆ ಮುಖ ಮಾಡಿದವೂ ಇರುತ್ತವೆ. ಹಾಲುಹಲ್ಲಿಗೆ ಪೆಟ್ಟು ಬಿದ್ದ ಮಗುವಿನಲ್ಲಿ ಶಾಶ್ವತ ಹಲ್ಲಿನ ಬೇರು ಬಾಗಿದ್ದರೆ ಸ್ಯಾಜಿಟಲ್ (ಪಕ್ಕದಿಂದ ನೋಡುವ) ಹೋಳಿನಲ್ಲಿ ಕೊಕ್ಕೆಯ ಹಾಗೆ ಕಾಣುತ್ತದೆ. ಹೂತ ಕೋರೆಹಲ್ಲಾದರೆ ಅದಕ್ಕಿಂತ ಪಕ್ಕದ ಲ್ಯಾಟರಲ್ ಬೇರನ್ನೇ ಜಾಸ್ತಿ ಹೊತ್ತು ನೋಡಿ, ಕೋರೆ ತಾಗಿದ ಕಡೆ ಬೇರು ಕರಗಿರಬಹುದು.

ಮೋಸ ಮಾಡುವ ನೆರಳುಗಳೂ ಇವೆ. ಕ್ಯಾಪ್, ಬೆಳ್ಳಿ ಫಿಲ್ಲಿಂಗ್ ಪಕ್ಕದಲ್ಲಿ ಕಪ್ಪು ಪಟ್ಟೆ ಬರುತ್ತದೆ, ಅದನ್ನು ಹುಳುಕು ಅಂತ ಬರೆಯಬೇಡಿ. ಅಂಗುಳದ ಮುಂಭಾಗದ ಸಹಜ ರಂಧ್ರವನ್ನು ಸಿಸ್ಟ್ ಅಂದುಕೊಂಡವರಿದ್ದಾರೆ. ಏನೇ ಕಂಡರೂ ಮೂರೂ ದಿಕ್ಕಿನ ಹೋಳಿನಲ್ಲಿ ಅದು ಇರಬೇಕು, ಒಂದರಲ್ಲಿ ಮಾತ್ರ ಇದ್ದರೆ ನಂಬಬೇಡಿ.

ಹುಡುಗಿಗೆ ಪಲ್ಪ್ ಮುಟ್ಟದೆ ಆ ಒಳಮಡಿಕೆಯನ್ನಷ್ಟೇ ಮೈಕ್ರೋಸ್ಕೋಪಿನಡಿ ಶುಚಿ ಮಾಡಿ ತುಂಬಿದೆವು. ಅಷ್ಟರಲ್ಲಿ ನೆನಪಾಯ್ತು, ಇದು ಎಷ್ಟೋ ಸಲ ಎರಡೂ ಬದಿ ಇರುತ್ತದೆ. ಕನ್ನಡಿ ಆಚೆ ಇಟ್ಟೆ. ಅಲ್ಲೂ ಇತ್ತು, ಇನ್ನೂ ಸಣ್ಣ ಗುಂಡಿ, ಕೀವಿಲ್ಲ, ನೋವಿಲ್ಲ. ಅದಕ್ಕೆ ಸ್ಕ್ಯಾನ್ ಬರೆಯಲಿಲ್ಲ. ಆರ್‌ವಿಜಿ ನೋಡಿ, ಅವತ್ತೇ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಾಕಿ ಮುಚ್ಚಿ ಕಳಿಸಿದೆ.