ಗಾಳಿ ಒಳಗೆ ನುಗ್ಗದ ಹಾಗೆ: ಹರಿಕೇನ್ ಸೀಸನ್‌ಗೆ ಮನೆ ತಯಾರಿ

ಅಟ್ಲಾಂಟಿಕ್ ಕಡೆ ಹರಿಕೇನ್, ಅಂದರೆ ಚಂಡಮಾರುತದ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಗಿಯುತ್ತದೆ. ಆರ್ಭಟ ಜಾಸ್ತಿ ಇರುವುದು ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಮನೆ ಕೆಲಸವನ್ನೆಲ್ಲ ಮೇ ತಿಂಗಳಲ್ಲೇ ಮುಗಿಸಿಬಿಡಿ. ಟಿವಿಯಲ್ಲಿ ಹರಿಕೇನ್ ವಾಚ್ ಅಂತ ಬಂದರೆ ಜೋರು ಗಾಳಿಗೆ ಸುಮಾರು 48 ಗಂಟೆ ಇದೆ ಅಂತ ಅರ್ಥ, ವಾರ್ನಿಂಗ್ ಅಂದರೆ 36 ಗಂಟೆ. ಆಗ ಪ್ಲೈವುಡ್ ಹುಡುಕಿಕೊಂಡು ಹೊರಟರೆ ಕೈಗೆ ಸಿಗುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯ, ಗಾಳಿ ಮನೆಯೊಳಗೆ ನುಗ್ಗಬಾರದು. ಒಂದು ದೊಡ್ಡ ಕಿಟಕಿ ಒಡೆದರೂ ಸಾಕು, ಒಳಗೆ ಬಂದ ಗಾಳಿ ಛಾವಣಿಯನ್ನು ಕೆಳಗಿನಿಂದ ದೂಡುತ್ತದೆ, ಹೊರಗಿನದು ಮೇಲಕ್ಕೆ ಎಳೆಯುತ್ತದೆ, ಎರಡೂ ಸೇರಿದರೆ ಛಾವಣಿಯೇ ಕಿತ್ತು ಹೋಗಬಹುದು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು! ಒತ್ತಡ ಸಮ ಆಗಲಿ ಅಂತ ಕಿಟಕಿ ತೆರೆದಿಡಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಗಾಜಿಗೆ ಟೇಪ್ ಹಚ್ಚುವುದೂ ಸುಮ್ನೆ ದಂಡ, ಒಡೆಯುವ ಗಾಜು ಒಡೆದೇ ಒಡೆಯುತ್ತದೆ, ಚೂರುಗಳು ಮಾತ್ರ ಇನ್ನೂ ದೊಡ್ಡದಾಗಿ ಹಾರುತ್ತವೆ.

ಶಟರ್ ಹಾಕಿಸಲು ಆಗುವುದಾದರೆ ಅದೇ ಒಳ್ಳೆಯದು. ಇಲ್ಲದಿದ್ದರೆ 5/8 ಇಂಚು ದಪ್ಪದ, ಹೊರಗಡೆ ಬಳಸುವ ಪ್ಲೈವುಡ್. ಈಗಲೇ ಅಳತೆ ತೆಗೆದು, ಗಾಜಿಗಿಂತ ಅಗಲವಾಗಿ ಕತ್ತರಿಸಿ, ತೂತು ಕೊರೆದಿಡಿ. ಸ್ಕ್ರೂ ಕಿಟಕಿಯ ಚೌಕಟ್ಟಿಗಲ್ಲ, ಗೋಡೆಯ ಗಟ್ಟಿ ಭಾಗಕ್ಕೆ ಹೋಗಬೇಕು. ಪ್ರತಿ ಹಲಗೆಯ ಮೇಲೆ ದಪ್ಪ ಮಾರ್ಕರ್‌ನಲ್ಲಿ "ಅಡುಗೆಮನೆ, ಎಡಗಡೆ" ಅಂತ ಬರೆದು, ಮೇಲಿನ ಅಂಚಿಗೆ ಒಂದು ಬಾಣದ ಗುರುತು ಹಾಕಿ. ಮಳೆ ಶುರುವಾದ ಮೇಲೆ ಯಾವ ಹಲಗೆ ಎಲ್ಲಿಗೆ ಅಂತ ತಿರುಗಿಸಿ ತಿರುಗಿಸಿ ನೋಡುವುದು ತಪ್ಪುತ್ತದೆ.

ಜನ ಮರೆಯುವುದು ಗ್ಯಾರೇಜ್ ಬಾಗಿಲನ್ನು. ಮನೆಯಲ್ಲಿ ಅಷ್ಟು ಅಗಲದ, ಅಷ್ಟು ತೆಳುವಾದ ಜಾಗ ಬೇರೆ ಇಲ್ಲ ಅಲ್ವಾ? ಹಳೆಯದಾದರೆ ಗಾಳಿ ತಡೆಯುವ ಬಾಗಿಲಿಗೆ ಬದಲಾಯಿಸಿ, ಅಥವಾ ಆ ಬಾಗಿಲಿಗೇ ಸಿಗುವ ಆಸರೆ ಪಟ್ಟಿ ಹಾಕಿಸಿ. ಖರ್ಚಾಗುತ್ತದೆ, ಆದರೂ ನನ್ನ ಕೇಳಿದರೆ ಮೊದಲ ಹಣ ಇಲ್ಲಿಗೇ ಹೋಗಬೇಕು.

ಒಣಗಿದ ಕೊಂಬೆ ಕಡಿಸಿ, ಛಾವಣಿ ಅಂಚಿನ ಗಟರ್ ತೊಳೆಯಿರಿ, ಕುರ್ಚಿ ಕುಂಡಗಳನ್ನೆಲ್ಲ ಒಳಗಿಡಿ.

ನೀರಿನ ವಿಷಯ ಬೇರೆ. ಸಮುದ್ರ ಉಕ್ಕಿ ಬಂದರೆ ಪ್ಲೈವುಡ್ ಏನೂ ಮಾಡದು, ಮನೆ ಬಿಡಿ ಎಂದು ಆದೇಶ ಬಂದರೆ ಹೊರಡಲೇಬೇಕು. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆಗೆ ಪ್ರವಾಹ ಸೇರುವುದಿಲ್ಲ, ಸರ್ಕಾರದ ಪ್ರವಾಹ ವಿಮೆ ಮಾಡಿಸಿದರೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುವುದು. ಇದಂತೂ ಇವತ್ತೇ ನೋಡಿ.

ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಎತ್ತಿಡಿ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಡಿ. ಊರು ಬಿಟ್ಟು ವಾಪಸ್ ಬಂದಾಗ ನಾಣ್ಯ ತಳ ಸೇರಿದ್ದರೆ ಕರೆಂಟ್ ತುಂಬಾ ಹೊತ್ತು ಹೋಗಿತ್ತು ಅಂತ ಲೆಕ್ಕ, ಒಳಗಿನ ಆಹಾರ ಎಸೆಯಿರಿ. ಜನರೇಟರ್ ಮನೆಯಿಂದ 20 ಅಡಿ ಆಚೆಗೇ ಇರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಗಾಳಿ ಬಂದ ಮೇಲೆ ಒಳಗಿನ ಬಾಗಿಲುಗಳನ್ನೂ ಮುಚ್ಚಿ, ಕಿಟಕಿ ಇಲ್ಲದ ಕೋಣೆಯಲ್ಲಿ ಕೂತಿರಿ. ದಿಢೀರನೆ ಎಲ್ಲ ಶಾಂತವಾದರೆ ಹೊರಗೆ ಕಾಲಿಡಬೇಡಿ. ಅದು ಚಂಡಮಾರುತದ ಕಣ್ಣು, ಅಂದರೆ ಅದರ ನಡುವಿನ ಶಾಂತ ಜಾಗ ಇರಬಹುದು, ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಅಷ್ಟೇ ಜೋರಾಗಿ ಬರುತ್ತದೆ.