ಈಚೆಗೆ ಕೇಳಿದ ಹಾಡು, ಜೊತೆಗೆ ಕವಿಯ ಹೆಸರು

ನನ್ನ ವೆಬ್‌ಸೈಟಿನ ಮುಖಪುಟದ ಕೆಳಭಾಗದಲ್ಲಿ ನಾನು ಈಚೆಗೆ ಕೇಳಿದ ಹಾಡುಗಳ ಚಿಕ್ಕ ಪಟ್ಟಿಯೊಂದಿದೆ. ರೇಡಿಯೋದಲ್ಲಿ ಕೇಳಿದ್ದನ್ನು ಬಿಟ್ಟರೆ ನಾನು ಕೈಯಾರೆ ಏನನ್ನೂ ಬರೆಯುವುದಿಲ್ಲ, ಕೇಳಿದ್ದೆಲ್ಲ ತಾನಾಗಿ ಬಂದು ಕೂರುತ್ತದೆ. ಇಷ್ಟು ಮಾಡುವುದು ಒಂದು ಸಂಜೆಯ ಕೆಲಸ. ಆದರೆ ಕನ್ನಡದ ಹಾಡು ಕೇಳುವವರಿಗೆ ಅಷ್ಟು ಸಾಲದು. ಭಾವಗೀತೆ ಕೇಳಿದೆ ಎಂದು ತೋರಿಸುವ ಪಟ್ಟಿಯಲ್ಲಿ ಅದನ್ನು ಬರೆದ ಕವಿಯ ಹೆಸರೇ ಇಲ್ಲದಿದ್ದರೆ, ಅಂಥದ್ದನ್ನು ನನ್ನ ಪುಟದಲ್ಲಿ ಇಡಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ನನ್ನ ಹೆಚ್ಚಿನ ಸಮಯ ಹೋದದ್ದು ಆ ಹೆಸರಿಗಾಗಿಯೇ.

ಮೊದಲು ಬೇಕಾದದ್ದು ಕೇಳಿದ್ದರ ದಾಖಲೆ. ಕೇಳಿದ್ದು ತಾನಾಗಿ ದಾಖಲಾಗುವ ಈ ಕ್ರಮಕ್ಕೆ ಸ್ಕ್ರಾಬಲಿಂಗ್ ಎಂಬ ಹೆಸರು ಬಂದದ್ದು ಆಡಿಯೋಸ್ಕ್ರಾಬ್ಲರ್ ಎಂಬ ಸೇವೆಯಿಂದ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಿಚರ್ಡ್ ಜೋನ್ಸ್ ಅದನ್ನು ಕಟ್ಟಿದರು; 2005ರಲ್ಲಿ ಅದು ಲಾಸ್ಟ್.ಎಫ್‌ಎಂ ಎಂಬ ಸಂಗೀತತಾಣದ ಜೊತೆ ಒಂದಾಯಿತು. ಲಾಸ್ಟ್.ಎಫ್‌ಎಂ ನಿಯಮ ಸರಳ: ಹಾಡು 30 ಸೆಕೆಂಡಿಗಿಂತ ಉದ್ದವಿರಬೇಕು, ಅದರ ಅರ್ಧ ಭಾಗ ಇಲ್ಲವೇ 4 ನಿಮಿಷ, ಯಾವುದು ಮೊದಲೋ ಅಷ್ಟನ್ನು ಕೇಳಿರಬೇಕು. ಸ್ಪಾಟಿಫೈನಿಂದ ನೇರವಾಗಿಯೂ ಕೊನೆಯ 50 ಹಾಡುಗಳವರೆಗೆ ಪಡೆಯಬಹುದು. ಆದರೆ ಅದರ ಟೋಕನ್, ಅಂದರೆ ಪ್ರವೇಶಕ್ಕೆ ಬೇಕಾದ ಗುರುತುಪದ, ಒಂದು ಗಂಟೆಗೆ ಮುಗಿಯುತ್ತದೆ, ಮತ್ತೆ ಮತ್ತೆ ಹೊಸತು ಪಡೆಯಲು ರಹಸ್ಯ ಕೀಲಿಯನ್ನು ಸರ್ವರಿನಲ್ಲಿ ಕಾಪಾಡಿಕೊಳ್ಳಬೇಕು. ಮೇಲಾಗಿ ಅಲ್ಲಿ ಕೇಳಿದ್ದು ಮಾತ್ರ ಅಲ್ಲಿ ಸಿಗುತ್ತದೆ.

ನಾನು ಆರಿಸಿಕೊಂಡದ್ದು ಲಿಸನ್‌ಬ್ರೈನ್ಸ್. ಮೆಟಾಬ್ರೈನ್ಸ್ ಎಂಬ ಲಾಭರಹಿತ ಪ್ರತಿಷ್ಠಾನ ನಡೆಸುವ ಮುಕ್ತ ತಂತ್ರಾಂಶ ಅದು. ಬಳಕೆದಾರರ ಹೆಸರು ಗೊತ್ತಿದ್ದರೆ ಸಾಕು, ಪಟ್ಟಿಯನ್ನು ಓದಲು ಕೀಲಿ ಬೇಡ. ನನಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕೇಳಿದ ಹಾಡನ್ನು ಅದು ಸಾಧ್ಯವಾದಾಗಲೆಲ್ಲ ಮ್ಯೂಸಿಕ್‌ಬ್ರೈನ್ಸ್ ಎಂಬ ಸಂಗೀತಕೋಶದ ದಾಖಲೆಗೆ ಜೋಡಿಸಿ, ಅದರ ಗುರುತುಸಂಖ್ಯೆಯನ್ನೂ ಕೊಡುತ್ತದೆ. ಕವಿಯ ಹೆಸರಿಗೆ ದಾರಿ ಸಿಗುವುದು ಅಲ್ಲಿಂದಲೇ.

ಕೇಳಿದ್ದನ್ನು ಅಲ್ಲಿಗೆ ಕಳಿಸಲು ಫೋನಿನಲ್ಲಿ ಪಾನೋ ಸ್ಕ್ರಾಬ್ಲರ್, ಬ್ರೌಸರಿನಲ್ಲಿ ವೆಬ್ ಸ್ಕ್ರಾಬ್ಲರ್ ಹಾಕಿಕೊಂಡಿದ್ದೇನೆ. ಹಳೆಯ ಸಿ.ಡಿ.ಗಳನ್ನು ಫೈಲಿಗಿಳಿಸಿ ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ನಾವಿಡ್ರೋಮ್ ಮೂಲಕ ಕೇಳುತ್ತೇನೆ, ಅದೂ ಲಿಸನ್‌ಬ್ರೈನ್ಸ್‌ಗೆ ಕಳಿಸುತ್ತದೆ. ಇವುಗಳಲ್ಲಿ ಹೆಚ್ಚು ತಿದ್ದಬೇಕಾದದ್ದು ಯೂಟ್ಯೂಬಿನದು. ಅಲ್ಲಿ ಕನ್ನಡ ಚಿತ್ರಗೀತೆಯ ಶೀರ್ಷಿಕೆಯಲ್ಲಿ ಹಾಡಿನ ಮೊದಲ ಸಾಲು, ಚಿತ್ರದ ಹೆಸರು, ನಾಯಕ, ನಾಯಕಿ, ಗಾಯಕರು, ‘ವಿಡಿಯೋ ಸಾಂಗ್’ ಎಲ್ಲವೂ ಉದ್ದ ಗೆರೆಗಳ ನಡುವೆ ಸಾಲುಗಟ್ಟಿರುತ್ತವೆ; ಎಷ್ಟೋ ಸಲ ಕಲಾವಿದರ ಜಾಗದಲ್ಲಿ ಕ್ಯಾಸೆಟ್ ಕಂಪನಿಯ ಚಾನೆಲ್ ಹೆಸರು ಬಂದು ಕೂರುತ್ತದೆ. ವೆಬ್ ಸ್ಕ್ರಾಬ್ಲರ್‌ನಲ್ಲಿ ಇದನ್ನು ತಿದ್ದಬಹುದು. ಒಮ್ಮೆ ತಿದ್ದಿದ್ದನ್ನು ಮುಂದಿನ ಸಲಕ್ಕೆ ಅದು ನೆನಪಿಟ್ಟುಕೊಳ್ಳುತ್ತದೆ.

ರೇಡಿಯೋ ಇವು ಯಾವುದರ ಕೈಗೂ ಸಿಗುವುದಿಲ್ಲ. ಆಕಾಶವಾಣಿಯ ಅಮೃತವರ್ಷಿಣಿಯಲ್ಲಿ ಒಳ್ಳೆಯ ಕಛೇರಿ ಕೇಳಿದರೆ ಅದನ್ನು ನಾನೇ ಸೇರಿಸುತ್ತೇನೆ. ಅಲ್ಲಿನ ನಮ್ಮ ಖಾತೆಯ ಟೋಕನ್ ಬಳಸಿ, ಕಲಾವಿದರು, ರಚನೆ, ಸಮಯ ಇಷ್ಟನ್ನು ಕಳಿಸಿದರೆ ಲಿಸನ್‌ಬ್ರೈನ್ಸ್ ಒಪ್ಪಿಕೊಳ್ಳುತ್ತದೆ. ಈ ಟೋಕನ್ ಮಾತ್ರ ಯಾವ ಕಾರಣಕ್ಕೂ ಪುಟದ ಕೋಡಿನಲ್ಲಿ ಇರಕೂಡದು.

ಪುಟಕ್ಕೆ ತರುವ ಭಾಗ ಚಿಕ್ಕದು. ಬ್ರೌಸರಿನಿಂದಲೇ ಫೆಚ್ ಮಾಡಿ ಮಾಹಿತಿಯನ್ನು ಜೇಸನ್ ರೂಪದಲ್ಲಿ ತರಿಸಿಕೊಂಡರೆ ಪಟ್ಟಿ ಸಿದ್ಧ. ಎರಡು ಎಚ್ಚರ ಬೇಕು. ಕೇಳಿದ ಸಮಯ ಸೆಕೆಂಡುಗಳಲ್ಲಿ ಬರುತ್ತದೆ, ಜಾವಾಸ್ಕ್ರಿಪ್ಟಿಗೆ ಬೇಕಾದದ್ದು ಮಿಲಿಸೆಕೆಂಡು, 1000ದಿಂದ ಗುಣಿಸಬೇಕು. ಹಾಡಿನ ಹೆಸರು ಹೊರಗಿನಿಂದ ಬಂದ ಪಠ್ಯ, ಅದನ್ನು ಎಚ್‌ಟಿಎಂಎಲ್ ಆಗಿ ಸುರಿಯದೆ ಬರೀ ಪಠ್ಯವಾಗಿ ಇಡಬೇಕು. ‘ನಿನ್ನೆ’, ‘3 ದಿನಗಳ ಹಿಂದೆ’ ಎಂಬುದನ್ನು ನಾವು ಬರೆಯಬೇಕಿಲ್ಲ. ಬ್ರೌಸರಿನಲ್ಲೇ ಇರುವ ರಿಲೇಟಿವ್ ಟೈಮ್ ಫಾರ್ಮ್ಯಾಟಿಗೆ ಭಾಷೆ ಕನ್ನಡ ಎಂದೂ ‘ನ್ಯೂಮರಿಕ್’ ಆಯ್ಕೆ ‘ಆಟೋ’ ಎಂದೂ ತಿಳಿಸಿದರೆ ಅದೇ ಬರೆದುಕೊಡುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ.

ಇನ್ನು ಕವಿಯ ಹೆಸರಿನ ವಿಷಯ. ಈ ಸೇವೆಗಳೆಲ್ಲ ಹಾಡಿಗೆ ಮುಖ್ಯವಾಗಿ ‘ಕಲಾವಿದ’ ಎಂಬ ಒಂದೇ ಖಾನೆ ಕೊಡುತ್ತವೆ. ಬರೆದವರೇ ಹಾಡುವ ಸಂಗೀತಕ್ಕೆ ಅದು ಒಪ್ಪುತ್ತದೆ. ನಮ್ಮ ಭಾವಗೀತೆಯನ್ನು ನೋಡಿ: ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ, ಸಿ. ಅಶ್ವತ್ಥ್ ಅವರ ಸ್ವರಸಂಯೋಜನೆ, ಹಾಡಿದವರು ಮತ್ತೊಬ್ಬರು. ಮೂವರೂ ಸೇರಿದರೇ ಅದು ಹಾಡು. ಚಿತ್ರಗೀತೆಯಾದರೆ ಆ ಖಾನೆಯಲ್ಲಿ ಒಮ್ಮೆ ಸಂಗೀತ ನಿರ್ದೇಶಕರು, ಒಮ್ಮೆ ಗಾಯಕರು, ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂಥವರ ಸಾಹಿತ್ಯಕ್ಕೆ ಅಲ್ಲಿ ಜಾಗವಿಲ್ಲ. ದಾಸರ ಪದವನ್ನು ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿದರೆ ಅಂಕಿತದಲ್ಲಿ ‘ಪುರಂದರವಿಠಲ’ ಎಂದು ಕೇಳಿಸುತ್ತದೆ, ಪಟ್ಟಿಯಲ್ಲಿ ಪುರಂದರದಾಸರು ಕಾಣುವುದಿಲ್ಲ. ಹಾಡಿನೊಳಗೇ ಹೆಸರು ನೇಯ್ದಿಟ್ಟ ಪರಂಪರೆಯನ್ನು ಹೀಗೆ ತೋರಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಮ್ಯೂಸಿಕ್‌ಬ್ರೈನ್ಸ್‌ನಲ್ಲಿ ಧ್ವನಿಮುದ್ರಣ ಬೇರೆ, ಕೃತಿ ಬೇರೆ. ಮುದ್ರಣಕ್ಕೆ ಗಾಯಕರು ಸೇರುತ್ತಾರೆ. ಕೃತಿಗೆ ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ಬೇರೆ ಬೇರೆಯಾಗಿ ಸೇರುತ್ತಾರೆ. ನಮ್ಮ ಹಾಡುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಮುದ್ರಣದ ಗುರುತುಸಂಖ್ಯೆ ಕೊಟ್ಟು, ಕೃತಿಯ ಸಂಬಂಧಗಳನ್ನೂ ಕಳಿಸು ಎಂದು ಕೇಳಿದರೆ ಒಂದೇ ಉತ್ತರದಲ್ಲಿ ಮೂರೂ ಹೆಸರು ಬರುತ್ತವೆ. ಕಲಾವಿದರ ದಾಖಲೆಯಲ್ಲಿ ಅವರ ಹೆಸರಿನ ಕನ್ನಡ ರೂಪವನ್ನು, ಭಾಷೆಯ ಗುರುತಿನ ಸಮೇತ, ಸೇರಿಸಲೂ ಅವಕಾಶವಿದೆ. ಅದಿದ್ದರೆ ನನ್ನ ಪುಟ ಕನ್ನಡದಲ್ಲೇ ತೋರಿಸುತ್ತದೆ, ಇಲ್ಲದಿದ್ದರೆ ರೋಮನ್ ಲಿಪಿಯಲ್ಲಿರುವುದನ್ನು.

ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಕಳಿಸಬಾರದು, ಕಳಿಸುವವರು ಯಾರೆಂದು ಕೋರಿಕೆಯ ಜೊತೆ ಹೋಗುವ ‘ಯೂಸರ್ ಏಜೆಂಟ್’ ಸಾಲಿನಲ್ಲಿ ತಿಳಿಸಬೇಕು ಎಂಬುದು ಮ್ಯೂಸಿಕ್‌ಬ್ರೈನ್ಸ್ ನಿಯಮ. ಪುಟಕ್ಕೆ ಬಂದವರೆಲ್ಲರ ಬ್ರೌಸರಿನಿಂದ ಇದನ್ನು ಪಾಲಿಸಲಾಗದು. ಆದ್ದರಿಂದ ನಡುವೆ ಒಂದು ಕ್ಲೌಡ್‌ಫ್ಲೇರ್ ವರ್ಕರ್, ಅಂದರೆ ಆ ಕಂಪನಿಯ ಸರ್ವರಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ, ಇಟ್ಟಿದ್ದೇನೆ. ಅದು ಹೊಸ ಹಾಡು ಕಂಡಾಗ ಮಾತ್ರ ವಿವರ ತರಿಸಿ ಗುರುತುಸಂಖ್ಯೆಯ ಜೊತೆ ಶೇಖರಿಸಿಕೊಳ್ಳುತ್ತದೆ. ಕೇಳಿದ ಹಾಡನ್ನೇ ಮತ್ತೆ ಕೇಳುವ ನನ್ನಂಥವನಿಗೆ ಇದರಿಂದ ಬೇಡಿಕೆ ತೀರಾ ಕಡಿಮೆ. ದಿನಕ್ಕೆ 1,00,000 ಕೋರಿಕೆಗಳವರೆಗಿನ ಉಚಿತ ಮಿತಿ ವೈಯಕ್ತಿಕ ಪುಟಕ್ಕೆ ಧಾರಾಳವಾಯಿತು.

ಶುರುಮಾಡುವ ಮುನ್ನ ಒಂದನ್ನು ಯೋಚಿಸಿ. ಲಿಸನ್‌ಬ್ರೈನ್ಸ್‌ನಲ್ಲಿ ನೀವು ಕೇಳಿದ್ದು ಎಲ್ಲರಿಗೂ ಕಾಣುತ್ತದೆ. ಯಾವಾಗ ಎದ್ದಿರಿ, ಎಷ್ಟು ಹೊತ್ತಿನವರೆಗೆ ಎಚ್ಚರವಿದ್ದಿರಿ ಎಂಬುದೂ ಸಮಯದಿಂದ ತಿಳಿಯುತ್ತದೆ. ನನ್ನ ಪುಟದಲ್ಲಿ ಗಂಟೆ, ನಿಮಿಷ ತೋರಿಸುವುದಿಲ್ಲ, ದಿನ ಮಾತ್ರ. ಮನೆಯವರೆಲ್ಲ ಬಳಸುವ ಸ್ಪೀಕರನ್ನು ಇದಕ್ಕೆ ಜೋಡಿಸಿಲ್ಲ. ಅವರು ಕೇಳುವುದು ಅವರದು. ‘ಈಗ ಕೇಳುತ್ತಿರುವುದು’ ಎಂಬ ಸೌಲಭ್ಯವನ್ನೂ ಬಿಟ್ಟಿದ್ದೇನೆ.

ಕನ್ನಡದ ಬಹಳಷ್ಟು ಹಾಡುಗಳಿಗೆ ಮ್ಯೂಸಿಕ್‌ಬ್ರೈನ್ಸ್‌ನಲ್ಲಿ ಕೃತಿಯ ದಾಖಲೆ ನನಗೆ ಸಿಗುವುದಿಲ್ಲ. ಅಂಥ ಹಾಡು ಬಂದಾಗ ವರ್ಕರ್ ಅದನ್ನು ಬಾಕಿಪಟ್ಟಿಗೆ ಸೇರಿಸುತ್ತದೆ, ಬಿಡುವಾದಾಗ ನಾನು ಕೂತು ತುಂಬುತ್ತೇನೆ. ಸೇರಿಸಲು ಯಾರಿಗೂ ಅವಕಾಶವಿದೆ, ಖಾತೆಯೊಂದು ಬೇಕಷ್ಟೆ. ನನ್ನ ಆಧಾರ ಕ್ಯಾಸೆಟ್ಟಿನ ಒಳಹಾಳೆ, ಚಿತ್ರದ ಆರಂಭದ ಹೆಸರುಗಳು, ಕವಿಯ ಸಂಕಲನ. ಅಂತರ್ಜಾಲದ ಸಾಹಿತ್ಯಪುಟಗಳನ್ನು ಮಾತ್ರ ನಂಬಿ ಬರೆಯುವುದಿಲ್ಲ. ಒಂದೇ ಕವಿತೆಗೆ ಇಬ್ಬರು ಬೇರೆ ಬೇರೆ ರಾಗ ಹಾಕಿದ್ದರೆ ಎರಡು ಕೃತಿಗಳನ್ನು ಮಾಡಿ, ಎರಡಕ್ಕೂ ಅದೇ ಕವಿಯನ್ನು ಜೋಡಿಸುತ್ತೇನೆ. ಅಲ್ಲಿನ ಮೂಲ ಮಾಹಿತಿ ಯಾವ ಹಕ್ಕಿನ ಕಟ್ಟೂ ಇಲ್ಲದ ಸಾರ್ವಜನಿಕ ಸ್ವತ್ತಾದ್ದರಿಂದ, ಹೀಗೆ ಸೇರಿಸಿದ ಹೆಸರು ನನ್ನ ಪುಟಕ್ಕಷ್ಟೇ ಅಲ್ಲ, ಆ ಹಾಡನ್ನು ಹುಡುಕುವ ಯಾರಿಗೂ ಸಿಗುತ್ತದೆ. ಸೇರಿಸಿದ ಮೇಲೆ ವರ್ಕರ್ ಶೇಖರಿಸಿಟ್ಟ ಹಳೆಯ ವಿವರವನ್ನು ಅಳಿಸಿಬಿಡಬೇಕು. ಆಮೇಲೆ ಆ ಹಾಡು ಪಟ್ಟಿಗೆ ಬಂದಾಗ ಕವಿಯ ಹೆಸರಿನೊಂದಿಗೇ ಬರುತ್ತದೆ.